ನೋಹನ ಹೆಂಡತಿ ಹೇಳೋ ಜಲಪ್ರಳಯದ ಕಾದಂಬರಿ: ಯಾವುದು ಮುಟ್ಟಬಾರದು, ಎಲ್ಲಿ ಕಲ್ಪನೆ ಹರಿಬಿಡಬೇಕು?

ಗುಮ್ಮಟದ_ನೆರಳು (ವಿಜಯಪುರ)
ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 6ರಿಂದ 9ನೇ ಅಧ್ಯಾಯ ಇಟ್ಕೊಂಡು ಸಣ್ಣ ಕಾದಂಬರಿ ಬರಿಲಿಕತ್ತೀನಿ. ಕತಿ ಹೇಳಾಕಿ ನೋಹನ ಹೆಂಡತಿ. ಬರದದ್ದು ಓದಿದ್ರ ಸಂಡೇ ಸ್ಕೂಲ್ ಪಾಠ ಕೇಳಿಧಂಗ ಆಗ್ತದ. ನಾವೆಯೊಳಗಿನ 40 ದಿನ ಮೂರೇ ಅಧ್ಯಾಯಕ್ಕ ಮುಗಿದುಹೋಗ್ತಾವ, ಹೆಂಗ ಹಿಗ್ಗಿಸೋದು? ಮಾತುಕತಿ ಜವಾರಿ ಕನ್ನಡದಾಗ ಇಡಬಹುದೇನು? ಕೊನಿಗೆ ದ್ರಾಕ್ಷಿತೋಟ, ನೋಹನ ಅಮಲು ಬೇಕೋ, ಬಿಟ್ಟುಬಿಡಲೋ?

ಕೋಟೆಕೆರೆ (ಬೆಳಗಾವಿ)
ಹಿಗ್ಗಿಸುವ ಮೊದಲು ಲೆಕ್ಕ ಸರಿಮಾಡಿಕೊಳ್ಳಿ. 40 ದಿನ ಸುರಿದದ್ದು ಮಳೆ. ಅವರು ಒಳಗಿದ್ದದ್ದು ಅಷ್ಟೇ ದಿನವಲ್ಲ. ನೋಹನ 600ನೇ ವರ್ಷದ 2ನೇ ತಿಂಗಳ 17ಕ್ಕೆ ಪ್ರಳಯ ಶುರು. 7ನೇ ತಿಂಗಳ 17ಕ್ಕೆ ನಾವೆ ಅರಾರಾಟ್ ಬೆಟ್ಟಸೀಮೆಯಲ್ಲಿ ನೆಲ ಕಚ್ಚುತ್ತದೆ. 10ನೇ ತಿಂಗಳ 1ಕ್ಕೆ ಸುತ್ತಲ ಬೆಟ್ಟಗಳ ತುದಿ ಕಾಣುತ್ತವೆ. ನೆಲ ಪೂರ್ತಿ ಒಣಗುವುದು ಮರುವರ್ಷದ 2ನೇ ತಿಂಗಳ 27ಕ್ಕೆ. ಒಟ್ಟು ಒಂದು ವರ್ಷ ಹತ್ತು ದಿನ. ಅದರಲ್ಲಿ ಏಳು ತಿಂಗಳಿಗೂ ಮಿಕ್ಕಿ ನಾವೆ ಅಲುಗಾಡದೆ ಕೂತಿರುತ್ತದೆ. ನಿಮ್ಮ ಕಾದಂಬರಿ ಇರುವುದು ಆ ಏಳು ತಿಂಗಳಲ್ಲಿ. ಮಳೆ ನಿಂತಿದೆ, ಇಳಿಯುವಂತಿಲ್ಲ, ಎಂಟು ಜನ, ಕರಗುತ್ತಿರುವ ಮೇವು, ಸೆಗಣಿ ನಾತ. ಬಾಗಿಲು ಮುಚ್ಚಿದವನು ದೇವರು (7:16, ಅಂದರೆ 7ನೇ ಅಧ್ಯಾಯದ 16ನೇ ವಚನ). ಅದನ್ನು ಒಳಗಿಂದ ಯಾರೂ ತೆಗೆಯಲು ಹೋಗದಿರುವುದೇ ಒಂದು ಅಧ್ಯಾಯಕ್ಕೆ ಸಾಕು.

ಅಳತೆ 300 ಮೊಳ ಉದ್ದ, 50 ಅಗಲ, 30 ಎತ್ತರ, ಮೂರು ಅಂತಸ್ತು. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ 450 ಅಡಿ ಉದ್ದ. ಗೋಳಗುಮ್ಮಟದಂಥ ಮೂರು ಕಟ್ಟಡ ಸಾಲಾಗಿ ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ, ಎತ್ತರ ಮಾತ್ರ 45 ಅಡಿ. ಬರೆಯುವಾಗ ಮೊಳವನ್ನೇ ಇಡಿ. ಮೀಟರ್ ಬಂತೋ, ಓದುಗ ಎಂಜಿನಿಯರ್ ಆಗಿಬಿಡುತ್ತಾನೆ.

ಎಲ್ಲರೂ ಎಡವುವುದು ಊಟದಲ್ಲಿ. ಮಾಂಸ ತಿನ್ನಲು ಅಪ್ಪಣೆ ಸಿಗುವುದು ಪ್ರಳಯ ಮುಗಿದ ಮೇಲೆ (9:3). ನಾವೆಯಲ್ಲಿ ಕುರಿ ಕೊಯ್ಯಬೇಡಿ. ರೊಟ್ಟಿ-ಚಟ್ನಿಯನ್ನೂ ಬಡಿಸಬೇಡಿ: ಮೆಣಸಿನಕಾಯಿ ಅಮೆರಿಕದಿಂದ ಬಂದದ್ದು, ಜೋಳ ಆಫ್ರಿಕಾ ಮೂಲದ್ದು. ಜವೆಗೋಧಿ, ಗೋಧಿ, ಮಸೂರಿ ಬೇಳೆ, ಅಂಜೂರ, ಖರ್ಜೂರ ಧಾರಾಳವಾಗಿ ಬಳಸಿ.

6:19ರಲ್ಲಿ ಪ್ರತಿ ಜಾತಿಗೆ ಒಂದು ಜೋಡಿ, 7:2ರಲ್ಲಿ ಶುದ್ಧ ಪ್ರಾಣಿಗಳು ಏಳೇಳು. ಎರಡು ಮೂಲಗಳು ಬೆರೆತಿವೆ ಎಂಬುದು ಬಹಳಷ್ಟು ವಿದ್ವಾಂಸರ ಮಾತು. ನಾನಾದರೆ ಇದನ್ನು ಮುಚ್ಚಿಡುವುದಿಲ್ಲ. ನೋಹನ ಮಕ್ಕಳಲ್ಲಿ ಶೇಮ್ ಒಂದು ಲೆಕ್ಕ ಹೇಳಲಿ, ಹಾಮ್ ಇನ್ನೊಂದು. ಕೊಟ್ಟಿಗೆ ಕಟ್ಟಿದ ಮೇಲೆ ಜಗಳ ಹತ್ತಲಿ.

ಮಲಪ್ರಭೆ_ದಂಡಿ (ಬಾಗಲಕೋಟೆ)
ಜವಾರಿ ಭಾಷಾ ಇಡ್ರಿ, ಆದ್ರ ಮಾತಿನಾಗ ಅಷ್ಟ. ನಿರೂಪಣಿ ಸರಳ ಗ್ರಂಥಭಾಷೆಯೊಳಗ ಇರಲಿ, ಇಲ್ಲಾಂದ್ರ ನೂರು ಪುಟ ಓದೂದ್ರಾಗ ದಣಿವಾಗತೈತಿ. "ಐತಿ" ಅನ್ನೂ ಮನಿಯೋ "ಅದ" ಅನ್ನೂ ಮನಿಯೋ ಮೊದಲ ತೀರ್ಮಾನ ಮಾಡ್ರಿ. ಒಂದ ಸಂಸಾರದಾಗ ಎರಡೂ ಬಂದ್ರ ಬೀಗರು ಕೂಡಿಧಂಗ ಕಾಣತೈತಿ. (ಸೊಸೆಂದಿರು ಬ್ಯಾರೆ ಊರಾವ್ರು ಅಂತ ಮಾಡಿದ್ರ ಆ ಫರಕ ಉಪಯೋಗಕ್ಕ ಬರತೈತಿ.) ಜಲ್ದಿ, ಬಜಾರ, ತಾರೀಖು ಇಂಥಾವ ತಗದಹಾಕ್ರಿ, ಓದೂ ಮಂದಿಗೆ ಆದಿಲ್‌ಶಾಹಿ ಕಾಲ ನೆನಪಾಗತೈತಿ. ಲಗೂನ, ಸಂತಿ, ಅಮಾಸಿ ಕಳದ ಎಂಟ ದಿನಕ್ಕ, ಹಿಂಗ.

ಸಂಡೇ ಸ್ಕೂಲ್ ವಾಸನಿ ಬರೂದು "ಉಂಟಾಗಲಿ", "ಆತನು ನುಡಿದನು" ಅನ್ನೂದ್ರಿಂದ. ಅದನ್ನ ದೇವರ ಮಾತಿಗೆ ಮಾತ್ರ ಮೀಸಲಿಡ್ರಿ. ನೋಹನ ಹೆಂಡತಿಗೆ ಮೂಲದಾಗ ಹೆಸರಿಲ್ಲ; ಯೆಹೂದಿ ಪರಂಪರೆಯೊಳಗ ನಯಮಾ ಅಂತಾರ. ನನ್ನ ಕೇಳಿದ್ರ ಹೆಸರ ಬ್ಯಾಡ. ಸೊಸೆಂದಿರು "ಅತ್ತಿ" ಅಂತಾರ, ಮಕ್ಕಳು "ಯವ್ವಾ" ಅಂತಾರ, ಸಾಕು.

ಚಾಟ್ನಿ_ಕತ್ತರಿ (ವಿಜಯಪುರ)
ದ್ರಾಕ್ಷಿ ಬಿಡಬ್ಯಾಡ್ರಿ. ಕತಿಯ ಗಂಟು ಅಲ್ಲೇ ಅದ. ಇಡೀ ಪ್ರಳಯದಾಗ ನೋಹ ಒಂದು ಮಾತೂ ಆಡಂಗಿಲ್ಲ. ಮೂಲದಾಗ ಅವನ ಮೊದಲನೇ ಮಾತು, ಅಮಲು ಇಳದ ಮ್ಯಾಲೆ ಹಾಕಿದ 9:25ರ ಶಾಪ. ನೀವೂ ಅವನ ಬಾಯಿ ಅಲ್ಲೀತನಕ ಕಟ್ಟಿಡ್ರಿ.

ಕಾಲದ ಅಂತರ ಮಾತ್ರ ಮರೀಬ್ಯಾಡ್ರಿ. ನಾವೆ ಇಳದ ವರ್ಷನೇ ಕುಡದು ಮಲಗಿದ ಅಂತ ಬರದ್ರ ನಮ್ಮ ಕಡೆ ಯಾವ ರೈತನೂ ನಂಬಂಗಿಲ್ಲ. ಕಡ್ಡಿ ಊರಿದ ಮ್ಯಾಲೆ ಹಣ್ಣು ಕಾಣಲಿಕ್ಕ ಎರಡು-ಮೂರು ವರ್ಷ ಬೇಕು. ಮೂಲದಾಗೂ ಪುರಾವೆ ಅದ: ಶಾಪ ಬಿದ್ದದ್ದು ಹಾಮನ ಮಗ ಕಾನಾನಗ. ಮಕ್ಕಳು ಹುಟ್ಟಿದ್ದು ಪ್ರಳಯದ ನಂತರ, 10:6ರ ಪಟ್ಟಿಯಾಗ ಕಾನಾನ ನಾಲ್ಕನೇಯವ. ಅಂದ್ರ ನಾಲ್ಕೈದು ವರ್ಷರೆ ಕಳದಿರಬೇಕು. ಇನ್ನೊಂದು, ನಮ್ಮಂಗ ವರ್ಷಕ್ಕ ಎರಡು ಚಾಟ್ನಿ (ಬಳ್ಳಿ ಕತ್ತರಿಸೂದು) ಹಾಕಿಸಬ್ಯಾಡ್ರಿ. ಆ ಸೀಮಿಯಾಗ ಚಳಿಗಾಲಕ್ಕ ಬಳ್ಳಿ ಎಲಿ ಉದುರಿಸಿ ಮಲಗ್ತದ, ಕತ್ತರಿ ಒಂದೇ ಸಲ.

ಗುಮ್ಮಟದ_ನೆರಳು
ಹಾಮನ ಹೆಂಡತಿ ಬಸುರಿ ಇದ್ದದ್ದೇ ಬರದಿರಲಿಲ್ಲ ನೋಡ್ರಿ. ಇನ್ನೊಂದು: ಪಾರಿವಾಳದ ಮುಂಚೆ ಕಾಗಿ ಬಿಡ್ತಾನಲ್ಲ, ಅದನ್ನ ತಗದ್ರ ನಡೀತದೇನು?

ಕೋಟೆಕೆರೆ (ಬೆಳಗಾವಿ)
ತೆಗೆಯಬೇಡಿ. ಮೆಸೊಪೊಟೇಮಿಯಾದ ಪ್ರಾಚೀನ ಗಿಲ್ಗಮೇಶ್ ಕಾವ್ಯದ 11ನೇ ಫಲಕದಲ್ಲೂ ಪ್ರಳಯ ದಾಟಿದವನು ಹಕ್ಕಿ ಬಿಡುತ್ತಾನೆ: ಪಾರಿವಾಳ, ಆಮೇಲೆ ಕವಲುತೋಕೆ (ಸ್ವಾಲೋ ಹಕ್ಕಿ), ಕೊನೆಗೆ ಕಾಗೆ. ಅಲ್ಲಿ ಕಾಗೆ ತಿರುಗಿ ಬರುವುದಿಲ್ಲ. ಆದಿಕಾಂಡದಲ್ಲಿ ಕಾಗೆಯೇ ಮೊದಲು, ನೀರು ಬತ್ತುವವರೆಗೂ ಅದು ಹೋಗುತ್ತ ಬರುತ್ತ ಇರುತ್ತದೆ. ನಮ್ಮ ಓದುಗರಿಗೆ ಕಾಗೆ ಎಂದೊಡನೆ ಪಿಂಡದ ನೆನಪು. ಊರಿಗೆ ಊರೇ ಮುಳುಗಿ, ಎಡೆ ಇಡಲು ಯಾರೂ ಉಳಿಯದ ಹೊತ್ತಿನಲ್ಲಿ ಕಾಗೆ ಏನನ್ನು ತಿಂದು ಹಾರಾಡುತ್ತಿದೆ ಎಂದು ನಿಮ್ಮ ನಿರೂಪಕಿಗೆ ಹೊಳೆಯಲಿ. ಬಿಡಿಸಿ ಹೇಳಿಸಬೇಡಿ. ಅದು ಕಿಟಕಿಗೆ ಬಂದು ಕೂತಾಗ ಆಕೆ ಕಾಳು ಹಾಕದಿದ್ದರೆ ಸಾಕು.