ನಿಧಾನ ಆಡುವ ಮಗನಿಗೆ ಏನು ಹೇಳಲಿ? 2-2 ಸರಣಿ ಮುಗಿದ ಮೇಲೆ ನಮ್ಮನೆಯಲ್ಲಿ ಎರಡು ಪಕ್ಷ

ಮೈಸೂರಿನಿಂದ ಪ್ರಶ್ನೆ

ಮಗನಿಗೆ 15 ವರ್ಷ, ಓಪನರ್. ಕ್ಲಬ್ ಕಡೆಯಿಂದ 50 ಓವರಿನ ಲೀಗ್ ಮ್ಯಾಚು ಆಡುತ್ತಾನೆ. ಹೋದ ತಿಂಗಳು 71 ಬಾಲಿಗೆ 24 ರನ್ ಮಾಡಿ ಬಂದ. ತಂಡ ಸೋತಿತು. ಆಮೇಲಿನ ಎರಡು ಮ್ಯಾಚಿಗೆ ಹನ್ನೆರಡನೆಯವನಾಗಿ ಕೂರಿಸಿದರು. "ಸ್ಟ್ರೈಕ್ ರೇಟ್ ಸರಿ ಮಾಡ್ಕೊಂಡು ಬಾ" ಅಂದರಂತೆ ಕೋಚ್. ನೂರು ಬಾಲಿಗೆ ಎಷ್ಟು ರನ್ ಅನ್ನುವ ಲೆಕ್ಕ ಅದು.

ಇದೇ ಹೊತ್ತಿಗೆ ಇಂಗ್ಲೆಂಡ್‌ನಲ್ಲಿ ನಡೆದ ಐದು ಟೆಸ್ಟ್‌ಗಳ ಸರಣಿಯೂ ಮುಗಿಯಿತು. 2025ರ ಆಗಸ್ಟ್ 4ರ ಸೋಮವಾರ ಲಂಡನ್ನಿನ ಓವಲ್‌ನಲ್ಲಿ ನಮ್ಮವರು 6 ರನ್ನಿನಿಂದ ಗೆದ್ದು 2-2 ಮಾಡಿದಾಗ ಮನೆಮಂದಿಯೆಲ್ಲ ಕುಣಿದರು. ಮಾರನೇ ದಿನದಿಂದ ಅವರೇ ಕಿತ್ತಾಡುತ್ತಿದ್ದಾರೆ. ನಮ್ಮ ಮಾವನವರು ದ್ರಾವಿಡ್ ಕಾಲದವರು, "ಕೆ.ಎಲ್. ರಾಹುಲ್ ಥರ ನಿಂತು ಆಡು" ಅನ್ನುತ್ತಾರೆ. ನನ್ನ ತಮ್ಮ "ಪಂತ್ ನೋಡಿ ಕಲಿ, ಬರೀ ಚೆಂಡು ತಡೆದು ಕುಟ್ಟಿಕೊಂಡು ನಿಂತರೆ ಈಗ ಯಾರೂ ಕೇಳಲ್ಲ" ಅನ್ನುತ್ತಾನೆ. ಕರುಣ್ ನಾಯರ್‌ಗೆ ಅನ್ಯಾಯ ಆಯಿತಾ, ಸ್ಪಿನ್ನರ್ ಕುಲದೀಪ್‌ನ ಯಾಕೆ ಆಡಿಸಲಿಲ್ಲ ಅಂತ ಶುರುವಾದರೆ ಅನ್ನ ಆರಿ ಹೋಗುತ್ತೆ. ಹುಡುಗ ತಟ್ಟೆ ಮುಂದೆ ತಲೆ ತಗ್ಗಿಸಿ ಕೂತಿರುತ್ತಾನೆ. ನನಗೆ ಕ್ರಿಕೆಟ್ ಅಷ್ಟಕ್ಕಷ್ಟೆ. ಆಡಿದವರು, ಮಕ್ಕಳನ್ನು ಆಡಿಸಿದವರು ನಿಮಗಾದದ್ದನ್ನು ಹೇಳಿ. ಅವನು ಆಟ ಬದಲಿಸಬೇಕಾ?

ಬೆಂಗಳೂರಿನಿಂದ

ಮೇಡಂ, ನಾನು ಇಲ್ಲಿನ ಲೀಗ್‌ನಲ್ಲಿ ಹತ್ತು ವರ್ಷ ಓಪನ್ ಮಾಡಿದವನು. ಕೆಳಗಿನ ಡಿವಿಷನ್‌ಗಳಲ್ಲೇ, ದೊಡ್ಡದೇನಲ್ಲ. ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಎರಡು ಜಗಳ. ಯಾರನ್ನು ಆಡಿಸಬೇಕು ಅನ್ನುವುದು ಒಂದು, ಹೇಗೆ ಆಡಬೇಕು ಅನ್ನುವುದು ಇನ್ನೊಂದು. ಈ ಸರಣಿಯಲ್ಲಿ ಎರಡೂ ಕಲಸಿಹೋದವು.

ಲೀಡ್ಸ್ ನೆನಪಿಸಿಕೊಳ್ಳಿ. ನಮ್ಮವರು ಒಂದೇ ಮ್ಯಾಚಿನಲ್ಲಿ ಐದು ಸೆಂಚುರಿ ಹೊಡೆದರು. ಆದರೆ 430 ರನ್ನಿಗೆ 3 ವಿಕೆಟ್ ಇದ್ದದ್ದು 471ಕ್ಕೆ ಆಲೌಟ್. ಎರಡನೇ ಇನಿಂಗ್ಸಿನಲ್ಲಿ ಕೊನೆಯ ಆರು ವಿಕೆಟ್ 31 ರನ್ನಿಗೆ ಉದುರಿದವು. ಇಂಗ್ಲೆಂಡ್ 371 ಬೆನ್ನಟ್ಟಿ ಐದು ವಿಕೆಟ್ ಉಳಿಸಿಕೊಂಡೇ ಗೆದ್ದಿತು. ಅಲ್ಲಿಂದ ಬಾಲಂಗೋಚಿಗಳು, ಅಂದರೆ ಕೊನೆಯಲ್ಲಿ ಬ್ಯಾಟ್ ಮಾಡುವ ಬೌಲರ್‌ಗಳು, ಉದುರುವ ಭಯ ಹೋಗಲೇ ಇಲ್ಲ. ಎಂಟನೇ ನಂಬರಿನವರೆಗೂ ಬ್ಯಾಟ್ ಹಿಡಿಯುವವರು ಬೇಕು ಅಂತ ನಿತೀಶ್ ರೆಡ್ಡಿ, ವಾಷಿಂಗ್ಟನ್ ಸುಂದರ್ ಬಂದರು. ಕುಲದೀಪ್ ಐದೂ ಟೆಸ್ಟ್ ಹೊರಗೇ ಕೂತರು. ನಾನು ಕುಲದೀಪ್ ಪಕ್ಷ. ಟೆಸ್ಟ್ ಗೆಲ್ಲಲು 20 ವಿಕೆಟ್ ಬೇಕು. ಎಜ್‌ಬಾಸ್ಟನ್‌ನಲ್ಲಿ ಬುಮ್ರಾ ಇಲ್ಲದೆಯೂ 336 ರನ್ನಿನಿಂದ ಗೆದ್ದೆವು. ಗಿಲ್ 269 ಮತ್ತು 161 ಹೊಡೆದದ್ದು ಸರಿ, ಆದರೆ ಆಕಾಶ್ ದೀಪ್ ಹತ್ತು ವಿಕೆಟ್ ಕಿತ್ತದ್ದಕ್ಕೆ ಅಲ್ವಾ ಮ್ಯಾಚ್ ಮುಗಿದದ್ದು? ಆದರೆ ಮ್ಯಾಂಚೆಸ್ಟರ್‌ನಲ್ಲಿ ಸೋಲು ತಪ್ಪಿಸಿದ ಇಬ್ಬರಲ್ಲಿ ಅದೇ ಸುಂದರ್ ಒಬ್ಬರು. ಅಲ್ಲಿ ನನ್ನ ಬಾಯಿ ಮುಚ್ಚಿತು.

ಈಗ ನಿಮ್ಮ ಹುಡುಗನ ವಿಷಯ. ನಾನೂ ಕುಟ್ಟುವವನೇ. ಒಂದು ಸೀಸನ್ ಕ್ಯಾಪ್ಟನ್ "ಹೊಡಿ, ಇಲ್ಲಾಂದ್ರೆ ಕೂತ್ಕೋ" ಅಂದ. ಹೊಡೆಯಲು ಹೋದೆ. ಐದು ಮ್ಯಾಚಲ್ಲಿ ಒಂದರಲ್ಲೂ ಹತ್ತು ದಾಟಲಿಲ್ಲ. ತಂಡದಿಂದಲೇ ಹೋದೆ. ಎಷ್ಟೋ ದಿನ ಆದಮೇಲೆ ಹಿರಿಯ ಆಟಗಾರರೊಬ್ಬರು ಟೀ ಕುಡಿಯುತ್ತಾ ಹೇಳಿದರು: "ನೀನು ನಿಧಾನ ಅಂತ ತೆಗೆದದ್ದಲ್ಲ ಕಣೋ. ನೀನು ಓವರ್ ಪೂರ್ತಿ ಕುಟ್ಟಿ ಆ ಕಡೆ ನಿಂತವನಿಗೆ ಸ್ಟ್ರೈಕೇ, ಅಂದ್ರೆ ಆಡೋಕೆ ಬಾಲೇ, ಕೊಡ್ತಿರಲಿಲ್ಲ. ಅವನು ಸಿಕ್ಕ ಬಾಲಿಗೆಲ್ಲ ಬೀಸಿ ಔಟಾಗ್ತಿದ್ದ." ಹಳೇ ಸ್ಕೋರ್‌ಬುಕ್ ತೆಗೆದು ನೋಡಿದೆ. ನಿಜ. ನಾನು ನಿಂತಿದ್ದಾಗ ಆ ತುದಿಯಲ್ಲಿ ಮೂರು ಮೂರು ವಿಕೆಟ್ ಬಿದ್ದಿದ್ದವು.

ಅದಕ್ಕೆ ಕೇಳುತ್ತೇನೆ, ಆ 71 ಬಾಲಿನಲ್ಲಿ ಸಿಂಗಲ್ ಎಷ್ಟು? ಬೌಂಡರಿ ಲೆಕ್ಕ ಬೇಡ.

ಮಂಗಳೂರಿನಿಂದ

ಮಾರಾಯ್ರೇ, ನಿಮ್ಮ ತಮ್ಮನ ಪಕ್ಷದಿಂದ ಒಂದು ಮಾತು. ನಾನು ಕೈ ಕೆಳಗಿನಿಂದ ಚೆಂಡು ಎಸೆಯುವ ಅಂಡರ್‌ಆರ್ಮ್ ಟೂರ್ನಮೆಂಟ್ ಆಡಿ ಬೆಳೆದವ. ರಾತ್ರಿ ಲೈಟ್ ಹಾಕಿ ಮ್ಯಾಚು, ಓವರ್ ನಾಲ್ಕೋ ಐದೋ, ಅಲ್ಲಿ ರನ್ ಬಾರದ ಡಾಟ್ ಬಾಲ್ ಅಂದರೆ ಪಾಪ. ಆಮೇಲೆ ಕಾಲೇಜಿನಲ್ಲಿ ಲೆದರ್ ಬಾಲ್ ಬಂದಾಗ ಆಫ್ ಸ್ಟಂಪ್ ಹೊರಗಿನ ಚೆಂಡು ಬಿಡಲು ಕೈಯೇ ಕೇಳುತ್ತಿರಲಿಲ್ಲ. ಸ್ಲಿಪ್‌ನಲ್ಲಿ ಕ್ಯಾಚ್ ಕೊಟ್ಟು ಕೊಟ್ಟು ಸಾಕಾಯಿತು.

ಓವಲ್‌ನಲ್ಲಿ ಇಂಗ್ಲೆಂಡಿನ ಬ್ರೂಕ್‌ಗೂ ಅದೇ ಆದದ್ದು. 374 ಬೇಕಿತ್ತು, 301ಕ್ಕೆ 3. ಆಗ ಮುಂದೆ ಬಂದು ಬೀಸಿದರು. ಬ್ಯಾಟ್ ಒಂದು ಕಡೆ ಹಾರಿತು, ಚೆಂಡು ಸಿರಾಜ್ ಕೈಗೆ ಹೋಯಿತು. ಅಲ್ಲಿಂದ 66 ರನ್ನಿಗೆ ಉಳಿದದ್ದೆಲ್ಲ ಖಾಲಿ. ಆದರೆ ಬ್ರೂಕ್ 98 ಬಾಲಿಗೆ 111 ಹೊಡೆಯದೇ ಇದ್ದಿದ್ದರೆ ಅವರು ಅಷ್ಟು ಹತ್ತಿರ ಬರುತ್ತಿದ್ದರಾ? ಅದನ್ನೂ ಹೇಳಿ ನಿಮ್ಮ ಮಾವನವರಿಗೆ.

ಮ್ಯಾಂಚೆಸ್ಟರ್‌ನಿಂದ, ಊರು ಹಾಸನ

ಓಲ್ಡ್ ಟ್ರಾಫರ್ಡ್‌ನಲ್ಲಿ ಕೊನೆಯ ಎರಡು ದಿನ ಮೈದಾನದಲ್ಲೇ ಇದ್ದೆ. ಶನಿವಾರ ಇಂಗ್ಲೆಂಡ್ 669ಕ್ಕೆ ಆಲೌಟ್ ಆಯಿತು. ನಮಗೆ 311 ಹಿನ್ನಡೆ. ವೋಕ್ಸ್ ಮೊದಲ ಓವರಿನಲ್ಲೇ ಜೈಸ್ವಾಲ್, ಸಾಯಿ ಸುದರ್ಶನ್ ಇಬ್ಬರನ್ನೂ ಬಾಲಿಗೊಬ್ಬರಂತೆ ತೆಗೆದರು. ಸ್ಕೋರು ಸೊನ್ನೆಗೆ 2. ಸಂಜೆ ಟ್ರ್ಯಾಮ್‌ಗೆ ಈಗಲೇ ಹೋದರೆ ಸೀಟು ಸಿಗುತ್ತೆ ಅಂತ ಯೋಚಿಸುತ್ತಿದ್ದೆ, ನಿಜ ಹೇಳುತ್ತೇನೆ.

ಆಮೇಲೆ ರಾಹುಲ್, ಗಿಲ್ ಆಡಿದ್ದು ಟಿವಿಯಲ್ಲಿ ಅರ್ಧ ಮಾತ್ರ ಕಾಣುತ್ತೆ. ಮೈದಾನದಲ್ಲಿ ಕೂತರೆ ರಾಹುಲ್ ಎಷ್ಟು ಚೆಂಡು ಬಿಡುತ್ತಾರೆ ಅಂತ ಗೊತ್ತಾಗುತ್ತೆ. ಹೊರಗಿನದಕ್ಕೆ ಬ್ಯಾಟ್ ಮೇಲಕ್ಕೆ. ಕಾಲಿನ ಮೇಲೆ ಬಂದರೆ ಮಾತ್ರ ಮೆಲ್ಲಗೆ ತಿರುಗಿಸಿ ಓಟ. 230 ಬಾಲಿಗೆ 90. ಇಬ್ಬರೂ ಸೇರಿ 188. ಈ ಸರಣಿಯುದ್ದಕ್ಕೂ ಇಂಗ್ಲೆಂಡ್‌ನಲ್ಲಿ ಬಳಸುವ ಡ್ಯೂಕ್ಸ್ ಚೆಂಡು ಬೇಗ ಮೆತ್ತಗಾಗುತ್ತೆ ಅಂತ ದೂರು ಇತ್ತಲ್ಲ. ಅಂದರೆ ಮೊದಲ ಮೂವತ್ತು ಓವರ್ ಹೇಗೋ ಕಳೆದವನಿಗೆ ಆಮೇಲೆ ರನ್ ಸಿಗುತ್ತೆ, ಅವನಲ್ಲದಿದ್ದರೆ ಅವನ ಹಿಂದೆ ಬರುವವನಿಗೆ. ರಾಹುಲ್ ಆ ಕೆಲಸ ಮಾಡಿಕೊಟ್ಟರು. ಗಿಲ್ ಸೆಂಚುರಿ, ಜಡೇಜಾ 107, ಸುಂದರ್ 101, ಕೊನೆಗೆ 425ಕ್ಕೆ 4. ಒಟ್ಟು 143 ಓವರ್!

ಕೊನೆಯ ಗಂಟೆಯಲ್ಲಿ ಇಂಗ್ಲೆಂಡ್ ಕ್ಯಾಪ್ಟನ್ ಸ್ಟೋಕ್ಸ್ ಡ್ರಾ ಮಾಡಿಕೊಳ್ಳೋಣ ಅಂತ ಕೈ ಕುಲುಕಲು ಬಂದರು. ಜಡೇಜಾ 89, ಸುಂದರ್ 80ರಲ್ಲಿ ಇದ್ದರು. ಇವರು ಒಪ್ಪಲಿಲ್ಲ. ನನ್ನ ಸುತ್ತ ಕೂತವರು ಗೊಣಗಿದರು. ದಿನವಿಡೀ ನಿಂತು ಬೆವರು ಸುರಿಸಿದವರು ಇನ್ನು ಹತ್ತಿಪ್ಪತ್ತು ರನ್ ಕೇಳಿದರೆ ತಪ್ಪೇನು ಅನ್ನಿಸಿತು ನನಗೆ. ಆದರೆ ಲಾರ್ಡ್ಸ್‌ನಲ್ಲಿ ಊಟಕ್ಕೆ ಮುಂಚೆ ರಾಹುಲ್ ಸೆಂಚುರಿ ಮುಗಿಯಲಿ ಅಂತ ಸ್ಟ್ರೈಕ್ ಕೊಡಲು ಓಡಿ ಪಂತ್ 74ಕ್ಕೆ ರನೌಟ್ ಆದರಲ್ಲ, ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತೆ. ಆ ಮ್ಯಾಚ್ ಸೋತದ್ದು 22 ರನ್ನಿಗೆ.

ನಿಮ್ಮ ಮಗ ಆಡುವುದು 50 ಓವರ್, ಐದು ದಿನ ಅಲ್ಲ. ಅದನ್ನು ಮರೆತು "ರಾಹುಲ್ ಥರ ಆಡು" ಅಂದರೆ ಹುಡುಗನಿಗೆ ಕಷ್ಟ.

ಹುಬ್ಬಳ್ಳಿಯಿಂದ

ಅಕ್ಕಾ, ನಾನೂ ತಾಯೀನೇ ರೀ. ಮಗಳಿಗೆ 17, ಅವಳೂ ಓಪನರ್. ಅವಳನ್ನು ತಂಡದಿಂದ ಬಿಟ್ಟಾಗ ನಾನು ಸಿಟ್ಟಿನಿಂದ ಮೈದಾನಕ್ಕೆ ಹೋಗಿ ಆಯ್ಕೆ ಮಾಡುವವರ ಜೊತೆ ಜಗಳ ಆಡಿದೆ. ಅದೊಂದು ಮಾಡಬೇಡಿ. ಮುಂದಿನ ವರ್ಷದವರೆಗೂ ಅವಳನ್ನು "ಆ ಬಾಯಿ ಜೋರಿನ ತಾಯಿ ಮಗಳು" ಅಂತಲೇ ಕರೆದರು.

ಕೆಲಸಕ್ಕೆ ಬಂದದ್ದು 20 ರೂಪಾಯಿ ನೋಟ್‌ಬುಕ್ಕು. ಪ್ರತಿ ಮ್ಯಾಚಿನಲ್ಲೂ ನಾನು ಬೇಲಿ ಹೊರಗೆ ಕೂತು ಅವಳ ಒಂದೊಂದು ಬಾಲೂ ಬರೆದೆ. ಡಾಟ್ ಬಾಲಿನ ಪಕ್ಕ ಒಂದು ಗುರುತು: ಬಿಟ್ಟದ್ದಾ, ತಡೆದದ್ದಾ, ಹೊಡೆದು ಫೀಲ್ಡರ್ ಕೈಗೆ ಹೋದದ್ದಾ. ಮೂರೇ ಮ್ಯಾಚಿಗೆ ಕಂಡಿತು. ಅರ್ಧಕ್ಕಿಂತ ಜಾಸ್ತಿ ಡಾಟು ಕವರ್ ಫೀಲ್ಡರ್ ಕೈಗೆ ಜೋರಾಗಿ ಹೊಡೆದದ್ದು! ಶಾಟ್ ಚಂದ, ರನ್ ಸೊನ್ನೆ. ಅವಳ ಕೋಚ್ ಅದನ್ನು ನೋಡಿ ಥ್ರೋಡೌನ್ (ಹತ್ತಿರದಿಂದ ಚೆಂಡು ಎಸೆದು ಮಾಡಿಸುವ ಅಭ್ಯಾಸ) ಹೊತ್ತಿನಲ್ಲಿ ಒಂದು ನಿಯಮ ಮಾಡಿದರು. ಮೆಲ್ಲಗೆ ತಳ್ಳಬೇಕು, ಪ್ರತಿ ಬಾಲಿಗೂ ಓಡಲೇಬೇಕು. ಎರಡು ತಿಂಗಳು ಹಿಡಿಯಿತು. ಹೊಡೆತ ಒಂದೂ ಬದಲಾಗಲಿಲ್ಲ ರೀ, ಆದರೆ ಅವಳು ನಿಧಾನ ಅಂತ ಈಗ ಯಾರೂ ಹೇಳುವುದಿಲ್ಲ.

ಇನ್ನೊಂದು. ಕೋಚ್ ಹತ್ತಿರ ಹುಡುಗನೇ ಮಾತಾಡಲಿ. "ನಾನು ಎಷ್ಟು ಓವರ್ ನಿಲ್ಲಬೇಕು, ಅಷ್ಟರಲ್ಲಿ ತಂಡದ ಸ್ಕೋರ್ ಎಷ್ಟಿರಬೇಕು?" ಅಂತ ಕೇಳಲಿ. "ಸ್ಟ್ರೈಕ್ ರೇಟ್ ಸರಿ ಮಾಡ್ಕೋ" ಅಂದರೆ 15ರ ಹುಡುಗನಿಗೆ ಏನು ತಿಳಿಯಬೇಕು?

ಶಿವಮೊಗ್ಗದಿಂದ

ನಾನು ಸ್ಕೋರ್ ಬರೆಯುವವನು, ವಯಸ್ಸಾಯಿತು. ಕರುಣ್ ವಿಷಯಕ್ಕೆ ಅಂಕಿಯಲ್ಲೇ ಉತ್ತರ ಕೊಡುತ್ತೇನೆ: 0, 20, 31, 26, 40, 14, 57, 17. ಎಂಟು ಇನಿಂಗ್ಸ್, 205 ರನ್. ಮೊದಲು ಆರನೇ ನಂಬರು, ಆಮೇಲೆ ಮೂರು, ಮ್ಯಾಂಚೆಸ್ಟರ್‌ನಲ್ಲಿ ಹೊರಗೆ, ಓವಲ್‌ನಲ್ಲಿ ಐದು. ಹೀಗೆ ಎಳೆದಾಡಿದರೆ ಯಾರಿಗೂ ಸುಲಭ ಅಲ್ಲ. ಆದರೂ ಅನ್ಯಾಯ ಅನ್ನಲು ನನಗೆ ಬಾಯಿ ಬರಲ್ಲ. ಎಂಟರಲ್ಲಿ ಐದು ಸಲ ಇಪ್ಪತ್ತು ಮುಟ್ಟಿ, ಒಂದು ಸಲ ಮಾತ್ರ ಐವತ್ತು ದಾಟಿದರು. ಕುದುರಿಕೊಂಡ ಮೇಲೆ ಔಟಾಗುವ ಕಾಯಿಲೆ ಅದು. ಅವರು ಆಡಿದ್ದು ನಿಧಾನವೋ ಜೋರೋ ಅನ್ನುವ ಪ್ರಶ್ನೆಯೇ ಬರಲ್ಲ.

ಬೇಜಾರಿನಿಂದಲೇ ಬರೆಯುತ್ತಿದ್ದೇನೆ. 2016ರಲ್ಲಿ ಚೆನ್ನೈನಲ್ಲಿ ಇದೇ ಇಂಗ್ಲೆಂಡ್ ಮೇಲೆ ಅವರು ಅಜೇಯ 303 ಹೊಡೆದಾಗ ನಾನು ಪಟಾಕಿ ಹಚ್ಚಿದ್ದೆ. ಅದೇ ಇನಿಂಗ್ಸಿನಲ್ಲಿ ರಾಹುಲ್ 199. 2017ರ ಮಾರ್ಚ್ ನಂತರ ಭಾರತ ತಂಡದಲ್ಲಿ ಜಾಗ ಹೋಯಿತು, ಮುಂದೆ ಕರ್ನಾಟಕದಲ್ಲೂ ಹೋಯಿತು. ವಿದರ್ಭಕ್ಕೆ ಹೋಗಿ 2024-25ರ ರಣಜಿಯಲ್ಲಿ 863 ರನ್ ಮಾಡಿ, ಆ ತಂಡ ಗೆದ್ದು, ಎಂಟು ವರ್ಷದ ಮೇಲೆ ವಾಪಸ್ ಬಂದರು. ನಿಮ್ಮ ಹುಡುಗನಿಗೆ ಎರಡು ಮ್ಯಾಚ್ ಹೋಗಿದೆ. ಕ್ಲಬ್ ಬೇಡ ಅಂದರೆ ಬೇರೆ ಕ್ಲಬ್ ನೋಡಿ.

ನಮ್ಮ ಕರ್ನಾಟಕದ ಬೌಲರ್ ಪ್ರಸಿದ್ಧ್ ಕೃಷ್ಣನನ್ನೂ ಮರೆಯಬೇಡಿ. ಲೀಡ್ಸ್, ಎಜ್‌ಬಾಸ್ಟನ್‌ನಲ್ಲಿ ರನ್ ಜಾಸ್ತಿ ಕೊಟ್ಟರು ಅಂತ ಎಲ್ಲರೂ ಬೈದೆವು, ನಾನೂ ಬೈದೆ. ಎರಡು ಮ್ಯಾಚ್ ಕೂರಿಸಿದರು. ಓವಲ್‌ನಲ್ಲಿ ನಾಲ್ಕು, ನಾಲ್ಕು, ಒಟ್ಟು ಎಂಟು ವಿಕೆಟ್. ಎರಡನೇ ಇನಿಂಗ್ಸಿನಲ್ಲಿ ರೂಟ್ ವಿಕೆಟ್ ಯಾರದು? ನಮ್ಮ ಹುಡುಗನದೇ.

ಮತ್ತೆ ಬೆಂಗಳೂರಿನಿಂದ

ಶಿವಮೊಗ್ಗದ ಹಿರಿಯರೇ, ಎರಡು ಮ್ಯಾಚಿಗೇ ಕ್ಲಬ್ ಬಿಡಿಸುವುದು ಬೇಡ ಸರ್. ಹೊಸ ಕಡೆ ಹೋದರೆ ಮತ್ತೆ ಸಾಲಿನ ಕೊನೆ. ಇನ್ನು ಲಾರ್ಡ್ಸ್‌ನಲ್ಲಿ ಜಡೇಜಾ 181 ಬಾಲಿಗೆ 61 ಮಾಡಿ ಅಜೇಯರಾಗಿ ಉಳಿದದ್ದರ ಬಗ್ಗೆ ಯಾರೂ ಕೇಳಲಿಲ್ಲವಲ್ಲ. ಜೊತೆಗೆ ಬುಮ್ರಾ 54 ಬಾಲ್, ಸಿರಾಜ್ 30 ಬಾಲ್ ನಿಂತರು. ಹೊಡೆಯಬೇಕಿತ್ತಾ, ಅದೇ ಸರಿಯಾ? ನಮ್ಮ ಕ್ಲಬ್‌ನಲ್ಲಿ ಇದಕ್ಕೆ ಇಬ್ಬರು ಈಗಲೂ ಮಾತು ಬಿಟ್ಟಿದ್ದಾರೆ.

ಮೈಸೂರಿನಿಂದ, ಹತ್ತು ದಿನ ಆದಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಕ್ಲಬ್‌ನಿಂದ ಹಳೇ ಸ್ಕೋರ್‌ಶೀಟ್ ಫೋಟೋ ತೆಗೆದುಕೊಂಡು ಬಂದ. ಇಬ್ಬರೂ ಕೂತು ಎಣಿಸಿದೆವು. 71 ಬಾಲಲ್ಲಿ ನಾಲ್ಕು ಬೌಂಡರಿ, ಎಂಟು ಸಿಂಗಲ್. 59 ಡಾಟ್. ಅವನೇ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ಆ ಕಡೆ ಎಷ್ಟು ಜನ ಔಟಾದರು ನೋಡಮ್ಮ" ಅಂದ. ನಾಲ್ಕು ಜನ.

ಮಾವನವರಿಗೆ ತೋರಿಸಿದರೆ "59 ಬಾಲ್ ಔಟಾಗದೆ ನಿಂತಿದ್ದಾನಲ್ಲ!" ಅಂತ ಖುಷಿಪಟ್ಟರು. ಅವರನ್ನು ಬದಲಿಸುವ ಆಸೆ ಬಿಟ್ಟಿದ್ದೇನೆ. ತಮ್ಮ ಮಾತ್ರ ದಿನಾ ಸಂಜೆ ಬಂದು ಥ್ರೋಡೌನ್ ಹಾಕುತ್ತಿದ್ದಾನೆ. ತಳ್ಳು, ಓಡು, ತಳ್ಳು, ಓಡು. ರಸ್ತೆಯ ಆ ತುದಿಗೆ ಮಾವನವರು ಕುರ್ಚಿ ಹಾಕಿಕೊಂಡು ರನೌಟ್ ಅಂಪೈರ್.

ಕೋಚ್ ಹತ್ತಿರ ಹುಬ್ಬಳ್ಳಿ ಅಕ್ಕ ಹೇಳಿಕೊಟ್ಟ ಪ್ರಶ್ನೆಯನ್ನೇ ಕೇಳಿದನಂತೆ. "25 ಓವರ್ ನಿಲ್ಲು, ಅಷ್ಟರಲ್ಲಿ ತಂಡ ನೂರು ದಾಟಿರಬೇಕು" ಅಂದರಂತೆ. ಭಾನುವಾರ ಮ್ಯಾಚ್ ಇದೆ. ಓಪನರೋ ಹನ್ನೆರಡನೆಯವನೋ ಇನ್ನೂ ಹೇಳಿಲ್ಲ. ಬಿಳಿ ಪ್ಯಾಂಟ್ ಒಗೆದು ಹಾಕಿದ್ದೇನೆ, ನೋಟ್‌ಬುಕ್ಕೂ ತಂದಿದ್ದೇನೆ.