ಕೌನ್ಸೆಲರ್ ಹತ್ತಿರ ಹೇಳಿದ ಮಾತು ಮನೆಗೆ ಬಂತು, ಮತ್ತೆ ಹೋಗಬೇಕಾ?

ಬೆಟಗೇರಿ ಹೊಲಿಗೆ

ಎಲ್ಲರಿಗೂ ನಮಸ್ಕಾರ. ನಾನು ಗದಗ ಬೆಟಗೇರಿಯವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹೋದ ವರ್ಷ ಶ್ರಾವಣದಲ್ಲಿ ಐದು ತಿಂಗಳ ಬಸಿರು ಹೋಯಿತು. ಆಮೇಲೆ ನಿದ್ದೆ ಹೋಯಿತು, ಊಟ ಸೇರಲಿಲ್ಲ. ಮಷಿನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸಿ ಹಾಗೇ ಕೂತಿರುತ್ತಿದ್ದೆ. ಅರ್ಧ ತಾಸು ಕಳೆದದ್ದೇ ಗೊತ್ತಾಗುತ್ತಿರಲಿಲ್ಲ. ನಮ್ಮ ನೆಗೆಣ್ಣಿ ಅಕ್ಕ ಹುಬ್ಬಳ್ಳಿಯಲ್ಲಿ ತಮಗೆ ಪರಿಚಯ ಇರುವ ಒಬ್ಬ ಪ್ರೈವೇಟ್ ಕೌನ್ಸೆಲರ್ ಮೇಡಂ ಹತ್ತಿರ ಕರೆದುಕೊಂಡು ಹೋದರು. ಅಕ್ಕ ನನ್ನ ಮೇಲಿನ ಕಾಳಜಿಯಿಂದಲೇ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ.

ಏಳು ಸಲ ಹೋದೆ. ಒಂದು ಸಲಕ್ಕೆ 700 ರೂಪಾಯಿ, ಮುಕ್ಕಾಲು ತಾಸು. ಹುಬ್ಬಳ್ಳಿ ತನಕ ಶಕ್ತಿ ಟಿಕೆಟ್ ಇದೆ, ಹಾಗಾಗಿ ಫೀ ಒಂದನ್ನೇ ಹೊಲಿಗೆ ದುಡ್ಡಿನಲ್ಲಿ ಹೊಂದಿಸುತ್ತಿದ್ದೆ. ನಾಲ್ಕನೇ ಸಲದಿಂದ ನಿಜವಾಗಿಯೂ ಹಗುರ ಆಗತೊಡಗಿತು. ವಾಪಸ್ ಬರುವಾಗ ಅಣ್ಣಿಗೇರಿ ದಾಟುವ ತನಕ ಕಿಟಕಿಗೆ ತಲೆ ಇಟ್ಟು ಅಳುತ್ತಿದ್ದೆ. ಆದರೆ ಮನೆಗೆ ಬಂದು ನಾಲ್ಕು ರೊಟ್ಟಿ ಬಡಿಯುವಷ್ಟು ತ್ರಾಣ ಇರುತ್ತಿತ್ತು. ರಾತ್ರಿ ನಾಲ್ಕೈದು ತಾಸು ನಿದ್ದೆ ಹತ್ತುತ್ತಿತ್ತು.

ಆರನೇ ಸಲ ಹೋದಾಗ ಒಂದು ವಿಷಯ ಹೇಳಿದೆ. ಯಾರಿಗೂ ಹೇಳಿರಲಿಲ್ಲ, ಯಜಮಾನರಿಗೂ ಹೇಳಿರಲಿಲ್ಲ. ನಮ್ಮ ಮನೆಯ ಹಳೇ ತೊಟ್ಟಿಲು ಅಟ್ಟದ ಮೇಲಿದೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಏಣಿ ಹತ್ತಿ ಹೋಗಿ ಅದರ ಧೂಳು ಒರೆಸಿ ಬರುತ್ತೇನೆ. ಅಷ್ಟೇ. ಅತ್ತೆಗೆ ಏಣಿ ಸದ್ದು ಕೇಳಬಾರದು ಅಂತ ಅದರ ಕಾಲಿಗೆ ಹಳೇ ಬಟ್ಟೆ ಕಟ್ಟಿದ್ದೇನೆ.

ಮೊನ್ನೆ ಅಮಾವಾಸ್ಯೆಗೆ ಅಕ್ಕ ಬಂದಿದ್ದರು. ಇಬ್ಬರೂ ಹೋಳಿಗೆ ಮಾಡುತ್ತಿದ್ದೆವು. ಅಕ್ಕ ಮೆಲ್ಲಗೆ ಹೇಳಿದರು, "ಆ ತೊಟ್ಟಲಾ ಯಾರಿಗರ ಕೊಟ್ಟು ಬಿಡೋಣ ತಂಗಿ. ಅದು ಮನ್ಯಾಗ ಇದ್ರ ನಿನಗ ಮರಿಯೂದಿಲ್ಲ." ಕೈಯಲ್ಲಿದ್ದ ಹೂರಣದ ಉಂಡೆ ಕೈಯಲ್ಲೇ ಉಳಿಯಿತು. ಒಲೆ ಮೇಲಿನ ಹೋಳಿಗೆ ಸೀದ ವಾಸನೆ ಬಂದಾಗಲೇ ಎಚ್ಚರ ಆದದ್ದು.

ಮೇಡಂ ಬಿಟ್ಟರೆ ಬೇರೆ ಯಾರಿಂದಲೂ ಈ ಮಾತು ಹೊರಗೆ ಬರೋಕೆ ಸಾಧ್ಯ ಇಲ್ಲ. ಎಂಟನೇ ಸಲ ನಾನು ಹೋಗಲಿಲ್ಲ. ಯಾಕೆ ಬರಲಿಲ್ಲ ಅಂತ ಮೇಡಂ ವಾಟ್ಸಾಪ್ ಮಾಡಿದ್ದಾರೆ, ಇನ್ನೂ ಉತ್ತರ ಕೊಟ್ಟಿಲ್ಲ. ಅವರಿಂದ ನನಗೆ ಒಳ್ಳೆಯದಾಗಿದ್ದೂ ನಿಜ. ನೇರವಾಗಿ ಕೇಳಲಾ? ಕೇಳಿದರೆ ಅಕ್ಕನಿಗೂ ನನಗೂ ಮನಸ್ಸು ಕೆಡುತ್ತದಾ? ಹೀಗೆ ಹೊರಗೆ ಹೇಳಬಾರದು ಅಂತ ಅವರಿಗೆ ನಿಯಮ ಏನಾದರೂ ಇದೆಯಾ?

ಶಿಗ್ಗಾವಿ ಕಾಕಾ

ತಂಗಿ, ನಿಮ್ಮ ನೋವು ಓದಿ ಭಾಳ ಸಂಕಟ ಆಯಿತು. ಆದರೆ ಮೇಡಂ ಕೆಟ್ಟ ಉದ್ದೇಶದಿಂದ ಹೇಳಿರಲಿಕ್ಕಿಲ್ಲ. ಮನೆಯವರಿಗೆ ಗೊತ್ತಿದ್ದರೆ ನಾಲ್ಕು ಜನರ ಆಸರೆ ಸಿಗುತ್ತದೆ ಅಂದುಕೊಂಡಿರಬಹುದು. ಗುಣ ಕಾಣುತ್ತಿದೆ ಅಂದಮೇಲೆ ಇದೊಂದು ಕಾರಣಕ್ಕೆ ಬಿಡಬೇಡಿ.

ಧಾರವಾಡದವಳು

ಕಾಕಾ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ನಾನು ಇದನ್ನು ಒಪ್ಪುವುದಿಲ್ಲ. ನಾನೂ ಇದೇ ಕೆಲಸ ಮಾಡುವವಳು. ಉದ್ದೇಶ ಎಷ್ಟೇ ಚಲೋ ಇರಲಿ, ಆ ಮಾತು ಅವರದಲ್ಲ, ಈ ತಂಗಿಯದು. ಮನೆಯವರಿಗೆ ಹೇಳಬೇಕು ಅನಿಸಿದ್ದರೆ ಮೊದಲು ಇವರನ್ನು ಕೇಳಬೇಕಿತ್ತು.

ತಂಗಿ, ನಿಯಮ ಖಂಡಿತ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಗೆ ಬಂದವರ ವಿಷಯ ಗುಟ್ಟಾಗಿ ಇಡುವುದು ಡಾಕ್ಟರ್ ಮತ್ತು ಸೈಕಾಲಜಿಸ್ಟ್‌ಗಳ ಕರ್ತವ್ಯ. ಕೆಲವು ವಿನಾಯಿತಿ ಇವೆ. ಜೀವಕ್ಕೆ ಅಪಾಯ ಇದ್ದಾಗ, ಇನ್ನೊಬ್ಬರಿಗೆ ಹಾನಿ ಆಗುವಂತಿದ್ದಾಗ, ಕೋರ್ಟ್ ಕೇಳಿದಾಗ, ಹೀಗೆ. ತೊಟ್ಟಿಲಿನ ಧೂಳು ಒರೆಸುವುದು ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅದು ರೋಗವೂ ಅಲ್ಲ. ನೀವು ಆ ಕೂಸಿನ ತಾಯಿ, ದುಃಖ ಇನ್ನೂ ಹಸಿ ಇದೆ.

ಒಂದು ವಿಷಯ ತಿಳಿದುಕೊಳ್ಳಿ. ಕೌನ್ಸೆಲರ್ ಅಂತ ಬೋರ್ಡ್ ಹಾಕಿದವರೆಲ್ಲ ಒಂದೇ ಓದು ಓದಿರುವುದಿಲ್ಲ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಆದ ಮೇಲೆ ಮನೋರೋಗದ ಬಗ್ಗೆ ಓದಿದ ಡಾಕ್ಟರ್, ಅವರು ಮಾತ್ರೆ ಬರೆಯುತ್ತಾರೆ. ಮಾತಿನ ಮೂಲಕ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರಬೇಕು. ಅವರ ನೋಂದಣಿ ನಂಬರ್ ಕೇಳುವುದು ಅವಮಾನ ಅಲ್ಲ. ನನ್ನನ್ನು ಕೇಳಿದರೆ ನಾನು ಖುಷಿಯಿಂದ ತೋರಿಸುತ್ತೇನೆ. ಬೇರೆ ಡಿಗ್ರಿ, ಡಿಪ್ಲೊಮಾ ಮಾಡಿ ಕೌನ್ಸೆಲಿಂಗ್ ಮಾಡುವವರೂ ಬಹಳ ಜನ ಇದ್ದಾರೆ, ಅವರಲ್ಲಿ ತುಂಬಾ ಒಳ್ಳೆಯವರನ್ನು ಕಂಡಿದ್ದೇನೆ. ಆದರೆ ಏನು ಓದಿದ್ದೀರಿ, ಎಲ್ಲಿ ಕಲಿತಿರಿ, ನನ್ನ ಮಾತು ಎಲ್ಲೆಲ್ಲಿ ಹೋಗುತ್ತದೆ, ಇಷ್ಟನ್ನು ಮೊದಲ ದಿನವೇ ಕೇಳಿಬಿಡಬೇಕು.

ನಮ್ಮ ಊರುಗಳಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಅದಕ್ಕೇ ಮೊದಲ ದಿನವೇ ಆ ಮೇಡಂ "ನಿಮ್ಮ ಅಕ್ಕ ನನಗೆ ಗೊತ್ತು, ಇದರಿಂದ ನಿಮಗೆ ತೊಂದರೆ ಆಗುತ್ತದಾ" ಅಂತ ಬಾಯಿಬಿಟ್ಟು ಕೇಳಬೇಕಿತ್ತು.

ಈಗ ಏನು ಮಾಡಬೇಕು? ವಾಟ್ಸಾಪ್‌ನಲ್ಲಿ ಜಗಳ ಬೇಡ. ಎದುರಿಗೆ ಅಥವಾ ಫೋನಿನಲ್ಲಿ, ತೊಟ್ಟಿಲಿನ ಮಾತು ನಮ್ಮ ಅಕ್ಕನಿಗೆ ಹೇಗೆ ಗೊತ್ತಾಯಿತು ಅಂತ ಇಷ್ಟೇ ಕೇಳಿ, ಸುಮ್ಮನಾಗಿ. ಉತ್ತರ ಹೇಗೆ ಬರುತ್ತದೆ ಅನ್ನೋದನ್ನು ನೋಡಿ. ತಪ್ಪಾಯಿತು ಅಂದರೆ ಒಂದು. ನಿಮ್ಮ ಒಳ್ಳೆಯದಕ್ಕೇ ಮಾಡಿದೆ, ನೀವು ಜಾಸ್ತಿ ಯೋಚನೆ ಮಾಡುತ್ತೀರಿ ಅಂದರೆ ಅಲ್ಲಿಂದ ಎದ್ದು ಬನ್ನಿ. ಅಕ್ಕನನ್ನು ನಡುವೆ ತರಬೇಡಿ, ಅವರು ಮಾತು ಕೇಳಿದ್ದಾರೆ ಅಷ್ಟೇ.

ಈ ಮಧ್ಯೆ ರಾತ್ರಿ ಕಷ್ಟ ಆದರೆ, ಸಾಯಬೇಕು ಅಂತ ಒಂದು ಸಲ ಅನಿಸಿದರೂ ಸರಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ರಾಣೆಬೆನ್ನೂರು ಅಣ್ಣ

ನಾನು ಲಾರಿ ಬಿಸಿನೆಸ್ ಲಾಸ್ ಆದಾಗ ಧಾರವಾಡದ ಡಿಮ್ಹಾನ್ಸ್‌ಗೆ, ಅಂದರೆ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಹೋಗಿದ್ದೆ. ನಮ್ಮ ಕಡೆ ಚಿಕ್ಕವರಿದ್ದಾಗ ಯಾರಿಗಾದರೂ ಬೈಯಬೇಕಾದರೆ "ಇವನ್ನ ಧಾರವಾಡಕ್ಕ ಕಳಸ್ರಿ" ಅನ್ನುತ್ತಿದ್ದೆವು. ಹಾಗಾಗಿ ಗೇಟಿನ ತನಕ ಹೋಗಿ ಎರಡು ಸಲ ವಾಪಸ್ ಬಂದಿದ್ದೆ. ಮೂರನೇ ಸಲ ಹೆಂಡತಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಳಗೆ ನೋಡಿದರೆ ಬೇರೆ ಆಸ್ಪತ್ರೆಯ ಹಾಗೆಯೇ ಇದೆ, ಚೀಟಿ, ಬೆಂಚು, ಕಾಯುವ ಜನ. ಪಾಳಿ ಜಾಸ್ತಿ, ಪ್ರೈವೇಟ್‌ನಲ್ಲಿ ಕೊಡುವಷ್ಟು ಸಮಯ ಕೊಡುವುದಿಲ್ಲ, ಅದನ್ನೂ ಹೇಳಬೇಕು. ಆದರೆ ಖರ್ಚು ಬಹಳ ಕಡಿಮೆ, ಮತ್ತೆ ಅಲ್ಲಿ ನನ್ನ ಬೀಗರು, ನೆಂಟರು ಯಾರಿಗೂ ಪರಿಚಯದವರಿರಲಿಲ್ಲ. ನನಗೆ ಬೇಕಾಗಿದ್ದು ಅದೇ.

ಬೆಟಗೇರಿ ಹೊಲಿಗೆ

ಎಲ್ಲರ ಉತ್ತರ ಎರಡೆರಡು ಸಲ ಓದಿದೆ. ಧಾರವಾಡದ ಅಕ್ಕಾ, ರೋಗ ಅಲ್ಲ ಅಂತ ಬರೆದಿರಲ್ಲ, ಅದನ್ನು ಓದಿ ಬಹಳ ಹೊತ್ತು ಅತ್ತೆ.

ಇವತ್ತು ಮೇಡಂಗೆ ಫೋನ್ ಮಾಡಿ ನೀವು ಹೇಳಿದ ಹಾಗೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ನಿಮ್ಮ ಅಕ್ಕ ಮದುವೆಯಲ್ಲಿ ಸಿಕ್ಕಾಗ ವಿಚಾರಿಸಿದರು, ಬಾಯಿಂದ ಬಂದುಬಿಟ್ಟಿತು, ಹೇಳಬಾರದಿತ್ತು, ಕ್ಷಮಿಸಿ ಅಂದರು. ನೆಪ ಏನೂ ಹೇಳಲಿಲ್ಲ. ನನಗೆ ಸಿಟ್ಟು ಇಳಿಯಿತು. ಆದರೆ ಇನ್ನೊಂದು ಮಾತು ಅವರ ಮುಂದೆ ಹೇಳೋಕೆ ನನ್ನ ಬಾಯಿ ಬರುವುದಿಲ್ಲ, ಹಾಗಾಗಿ ಬರುವುದಿಲ್ಲ ಅಂತ ಅವರಿಗೇ ತಿಳಿಸಿದೆ. ಏಳು ಸಲ ಕೇಳಿಸಿಕೊಂಡಿದ್ದಕ್ಕೆ ಉಪಕಾರ ಆಯಿತು ಅಂತಲೂ ಹೇಳಿದೆ, ಅದು ಮನಸ್ಸಿನಿಂದಲೇ ಬಂದ ಮಾತು.

ಸಂಜೆ ಯಜಮಾನರಿಗೆ ತೊಟ್ಟಿಲಿನ ವಿಷಯ ನಾನೇ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಏಣಿಯ ಒಂದು ಮೆಟ್ಟಿಲು ಸಡಿಲ ಆಗಿತ್ತು, ಹೋಗಿ ಅದಕ್ಕೆ ಮೊಳೆ ಹೊಡೆದರು.

ಬುಧವಾರ ಇಬ್ಬರೂ ಧಾರವಾಡಕ್ಕೆ ಹೋಗುತ್ತಿದ್ದೇವೆ. ರಾಣೆಬೆನ್ನೂರು ಅಣ್ಣಾ, ಎಷ್ಟು ಗಂಟೆಗೆ ಹೋದರೆ ಚೀಟಿ ಬೇಗ ಸಿಗುತ್ತದೆ? ಜುಬಿಲಿ ಸರ್ಕಲ್‌ನಲ್ಲಿ ಇಳಿದರೆ ಆಟೋ ಬೇಕಾ, ನಡೆದು ಹೋಗಬಹುದಾ?