ಬೋರ್‌ವೆಲ್‌ಗೆ ಹಣ ಕೂಡಿಸುವ ಮೊದಲು

ಮೇಷ್ಟ್ರಿಗೂ ನಮ್ಮ ಬಡಾವಣೆಯ ಗುಂಪಿನಲ್ಲಿರುವ ಎಲ್ಲರಿಗೂ ನಮಸ್ಕಾರ. ನಾಲ್ಕು ದಿನಕ್ಕೊಮ್ಮೆ ಬರುವ ನೀರನ್ನು ನಂಬಿ ಕೂರಲಾಗದು, ಮನೆಗೆ 5000 ರೂಪಾಯಿಯಂತೆ ಹಾಕಿ ಪಾರ್ಕಿನಲ್ಲಿ ಇನ್ನೊಂದು ಬೋರ್‌ವೆಲ್ ಕೊರೆಸೋಣ ಎಂದು ಮೇಷ್ಟ್ರು ನಿನ್ನೆ ಹಾಕಿದ ಸಂದೇಶವನ್ನು ಪೂರ್ತಿ ಕೇಳಿದೆ. ಅವರ ಕಳಕಳಿ ನ್ಯಾಯವಾದದ್ದೇ. ಟ್ಯಾಂಕರ್‌ನವರಿಗೆ ಫೋನ್ ಮಾಡಿ ಕಾಯುವ ಪಾಡು ನಮ್ಮ ಮನೆಯದ್ದೂ ಹೌದು. ಆದರೆ ನೀರು ಸರಬರಾಜಿನ ಕೆಲಸದಲ್ಲೇ ಇದ್ದು ನಿವೃತ್ತನಾದ ನನಗೆ, ನಮ್ಮಲ್ಲಿ ಕೊರತೆಯಾಗಿರುವುದು ಬರೀ ನೀರಲ್ಲ ಎನ್ನಿಸುತ್ತದೆ. ಬಂದ ನೀರು ದಾರಿಯಲ್ಲೇ ಸೋರಿಹೋಗುತ್ತಿದೆ, ಅದರ ಲೆಕ್ಕ ಯಾರ ಬಳಿಯೂ ಇಲ್ಲ.

ಹಾಲಿನ ಬೂತಿನ ಪಕ್ಕದ ವಾಲ್ವ್ ಗುಂಡಿಯನ್ನು ಎಲ್ಲರೂ ನೋಡಿರುತ್ತೀರಿ. ಮೇಲಿನ ಚಪ್ಪಡಿ ಒಡೆದಿದೆ, ಒಳಗೋಡೆಗೆ ಪಾಚಿ ಹಿಡಿದಿದೆ, ಬೇಸಿಗೆಯಲ್ಲೂ ಗುಂಡಿ ತುಂಬಿ ಚರಂಡಿಗೆ ಹರಿಯುತ್ತದೆ. ಮೊನ್ನೆ ವಾಲ್ವ್‌ಮನ್ ಜೊತೆ ನಿಂತು ಗುಂಡಿಯ ನೀರನ್ನೆಲ್ಲ ಬಕೆಟ್ಟಿನಲ್ಲಿ ಮೊಗೆಸಿ ನೋಡಿದಾಗ, ನಮಗೆ ನೀರು ಬಿಡುವ ಟ್ಯಾಂಕಿನಿಂದ ಇಳಿಯುವ ಪೈಪಿನ ಫ್ಲ್ಯಾಂಜ್, ಅಂದರೆ ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆಗಳ, ನಡುವಿನ ರಬ್ಬರ್ ಪ್ಯಾಕಿಂಗ್ ಸವೆದು, ಅಲ್ಲಿಂದ ನಿಮಿಷಕ್ಕೆ ಸುಮಾರು 5 ಲೀಟರ್ ಹೋಗುತ್ತಿರುವುದು ಕಂಡಿತು. ಟ್ಯಾಂಕಿನಲ್ಲಿ ನೀರಿರುವಷ್ಟು ಹೊತ್ತೂ ಅದು ನಿಲ್ಲುವುದಿಲ್ಲ. ಪೂರ್ತಿ ದಿನಕ್ಕೆ ಲೆಕ್ಕ ಹಾಕಿದರೆ 7200 ಲೀಟರ್. ಒಳಚರಂಡಿ ಇರುವ ನಗರಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂದು ಕೇಂದ್ರ ಸರ್ಕಾರದ ಕೈಪಿಡಿ ಹೇಳುತ್ತದೆ. ಅಂದರೆ 53 ಜನರ ಪಾಲಿನ ನೀರು ಆ ಒಂದು ಗುಂಡಿಯಲ್ಲಿದೆ. ಅದೂ ಎಂಥ ನೀರು! ಗೊರೂರು ಅಣೆಕಟ್ಟಿನಿಂದ ನಾಲೆಯಲ್ಲಿ ಬಂದು ತುಮಕೂರಿನ ಬುಗುಡನಹಳ್ಳಿ ಕೆರೆ ಸೇರಿ, ಕರೆಂಟು ಸುಟ್ಟು ಮೇಲೆತ್ತಿಸಿಕೊಂಡು, ಶುದ್ಧವಾಗಿ, ಕ್ಲೋರಿನ್ ಬೆರೆಸಿಕೊಂಡು ಬಂದ ಹೇಮಾವತಿ.

ಕಣ್ಣಿಗೆ ಕಾಣುವ ಈ ಸೋರಿಕೆಗಿಂತ ಕಾಣದ್ದೇ ನನಗೆ ಹೆಚ್ಚು ಭಯ. ಮುಖ್ಯ ಪೈಪಿನಿಂದ ಮನೆಗೆ ಸಂಪರ್ಕ ಕೊಡುವಾಗ ಪೈಪಿನ ಸುತ್ತ ಹಾಕುವ ಸ್ಯಾಡಲ್ ಎಂಬ ಪಟ್ಟಿ ಸಡಿಲವಾದರೆ, ಅಥವಾ ಕೇಬಲ್ ಹಾಕಲು ಬಂದ ಜೆಸಿಬಿಯ ಹಲ್ಲು ತಾಗಿ ಪೈಪು ಬಿರುಕು ಬಿಟ್ಟರೆ, ನೀರು ಮಣ್ಣಿನಲ್ಲೇ ಇಂಗಿ ಹೋಗುತ್ತದೆ. ಮೇಲೆ ಬಂದರೂ ತೂತು ಇರುವ ಜಾಗದಲ್ಲೇ ಬರುತ್ತದೆಂಬ ಭರವಸೆಯಿಲ್ಲ. ಸರದಿ ಮುಗಿದು ಪೈಪು ಖಾಲಿಯಾದಾಗ ಅದೇ ತೂತಿನಿಂದ ಚರಂಡಿಯ ನೀರು ಒಳಗೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಹತ್ತು ನಿಮಿಷ ವಾಸನೆ ಬರುವುದಕ್ಕೆ ಇದೂ ಒಂದು ಕಾರಣ. ನಲ್ಲಿ ಪೈಪಿಗೇ ಮೋಟಾರ್ ಕಚ್ಚಿಸಿ ಎಳೆಯುವವರು ಈ ಕೊಳೆಯನ್ನು ಇನ್ನಷ್ಟು ಜೋರಾಗಿ ಒಳಗೆ ಎಳೆದುಕೊಳ್ಳುತ್ತಾರೆ. ಯಾರೆಂದು ಇಲ್ಲಿ ಹೇಳುವುದಿಲ್ಲ, ಆ ಮನೆಯವರಿಗೆ ಗೊತ್ತಿದೆ.

ದಿನವಿಡೀ ನೀರು ಕೊಟ್ಟರೆ ಜನ ಪೋಲು ಮಾಡುತ್ತಾರೆ ಎಂದು ನಾವೂ ಇಲಾಖೆಯಲ್ಲಿ ವಾದಿಸುತ್ತಿದ್ದೆವು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ಪ್ರಯೋಗವಾಗಿ ಇಪ್ಪತ್ನಾಲ್ಕು ಗಂಟೆಯೂ ನೀರು ಕೊಟ್ಟರು. ಅದು ಸಾಧ್ಯವಾದದ್ದು ಆ ವಾರ್ಡುಗಳ ಹಳೆಯ ಪೈಪುಗಳನ್ನು ಬದಲಿಸಿ, ಪ್ರತಿ ಮನೆಗೂ ಮೀಟರ್ ಕೂರಿಸಿದ್ದರಿಂದ. ಅಂದರೆ ಸೋರಿಕೆ ತಡೆದು ಲೆಕ್ಕ ಇಟ್ಟಿದ್ದರಿಂದ.

ಇನ್ನು ಬೋರ್‌ವೆಲ್ ವಿಚಾರ. ನಮ್ಮ ಕೆಳಗಿರುವುದು ಗಟ್ಟಿ ಬಂಡೆ. ನೀರಿರುವುದು ಅದರ ಬಿರುಕುಗಳಲ್ಲಿ ಮಾತ್ರ. ಈಗಿರುವ ಕೊಳವೆಬಾವಿಯ ಹತ್ತಿರವೇ ಇನ್ನೊಂದು ಕೊರೆಸಿದರೆ ಅದೇ ಬಿರುಕಿನ ನೀರನ್ನು ಎರಡು ಕಡೆಯಿಂದ ಎಳೆದಂತಾಗಿ, ಹಳೆಯದು ಒಣಗುವ ಸಂಭವ ಹೆಚ್ಚು. ಆಳಕ್ಕೆ ಹೋದಷ್ಟೂ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡಿನ ಭಯವೂ ಇದೆ, ಪಾವಗಡದ ಕಡೆಯ ನೆಂಟರಿರುವವರಿಗೆ ಅದನ್ನು ವಿವರಿಸಬೇಕಿಲ್ಲ. ಅಷ್ಟೆಲ್ಲ ಮಾಡಿ ನೀರು ಸಿಕ್ಕರೂ ಅದನ್ನು ಬಿಡುವುದು ಇದೇ ಸೋರುವ ಪೈಪಿಗೆ ತಾನೆ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮುಂದಿನ ಸರದಿಯ ಹಿಂದಿನ ರಾತ್ರಿ, ಟ್ಯಾಂಕ್ ತುಂಬಿದ ಮೇಲೆ ಒಳಬರುವ ನೀರನ್ನು ನಿಲ್ಲಿಸಿ, ನಮ್ಮ ಬಡಾವಣೆಯ ವಾಲ್ವ್ ಮಾತ್ರ ಒಂದು ಗಂಟೆ ತೆರೆದಿಡಲು ವಾಲ್ವ್‌ಮನ್ ಒಪ್ಪಿದ್ದಾರೆ. ಆ ಒಂದು ಗಂಟೆ ಪ್ರತಿ ಮನೆಯವರೂ ನೆಲದಡಿಯ ತೊಟ್ಟಿಗೆ (ಸಂಪ್) ಹೋಗುವ ಗೇಟ್‌ವಾಲ್ವ್ ಬಿಗಿಯಾಗಿ ಮುಚ್ಚಿರಬೇಕು. ಟ್ಯಾಂಕಿನ ಒಳಅಳತೆ 5 ಮೀಟರ್ ಉದ್ದ, 5 ಮೀಟರ್ ಅಗಲ. ಮೊದಲು ಪೈಪು ತುಂಬಲು ಬಿಟ್ಟು, ಆಮೇಲೆ ಅಳೆದಾಗ ನೀರು 1 ಸೆಂಟಿಮೀಟರ್ ಇಳಿದರೆ 250 ಲೀಟರ್ ಸೋರಿದೆ ಎಂದರ್ಥ. ನಂತರ ಒಂದೊಂದೇ ಅಡ್ಡರಸ್ತೆಯ ವಾಲ್ವ್ ಮುಚ್ಚುತ್ತ ಹೋಗಿ, ಯಾವುದನ್ನು ಮುಚ್ಚಿದಾಗ ಇಳಿತ ಕಡಿಮೆಯಾಯಿತೆಂದು ನೋಡಿದರೆ ಕಳ್ಳ ಯಾವ ರಸ್ತೆಯಲ್ಲಿದ್ದಾನೆಂದು ತಿಳಿಯುತ್ತದೆ. ಹಳೆಯ ಕಬ್ಬಿಣದ ಪೈಪಿರುವ ಮೊದಲ ಅಡ್ಡರಸ್ತೆಯಲ್ಲಿ ಸರಳಿನ ಒಂದು ತುದಿಯನ್ನು ವಾಲ್ವಿನ ಮೇಲಿಟ್ಟು ಇನ್ನೊಂದಕ್ಕೆ ಕಿವಿಕೊಟ್ಟರೆ ಸೋರುವ ಸದ್ದೇ ಕೇಳುತ್ತದೆ. ಪ್ಲಾಸ್ಟಿಕ್ಕಿನ ಪಿವಿಸಿ ಪೈಪಿನಲ್ಲಿ ಸದ್ದು ದೂರ ಸಾಗದು, ಅಲ್ಲಿ ಅಗೆದೇ ನೋಡಬೇಕು.

ಆ ಅಳತೆಯನ್ನು ದಿನಾಂಕ ಸಮೇತ ಬರೆದು ನೀರು ಸರಬರಾಜು ಕಚೇರಿಗೆ ಕೊಡೋಣ. ಅಲ್ಲಿಯವರೆಗೆ ಮೇಷ್ಟ್ರು ಬೋರ್‌ವೆಲ್ಲಿನ ಹಣ ಕೂಡಿಸುವುದನ್ನು ತಡೆಹಿಡಿಯಬೇಕೆಂದು ವಿನಂತಿ. ರಾತ್ರಿ ಟಾರ್ಚ್ ಹಿಡಿದು ಟ್ಯಾಂಕಿನ ಏಣಿ ಹತ್ತಲು ಹುಡುಗರು ಇಬ್ಬರು ಬೇಕು. ನನ್ನ ಮಂಡಿ ಅದಕ್ಕೆ ಒಪ್ಪುವುದಿಲ್ಲ. ಬರುವವರು ದಯವಿಟ್ಟು ಇಲ್ಲೇ ಹೆಸರು ಹಾಕಿ.